ಅಂಗುಳದ ಉರಿ

"ಸೆಟ್ ತೆಗೀರಿ ಮೇಡಂ, ನೋಡ್ಬೇಕು!"

ಅವನು ಹೇಳಿದ್ದು ಇಷ್ಟೇ. ಆದರೆ ಹೇಳಿದ ದನಿ, ಸಂತೆಯಲ್ಲಿ ಬದನೆಕಾಯಿ ಕೂಗಿ ಮಾರುವ ದನಿ.

ಹಲ್ಲಿನ ಡಾಕ್ಟರ ಶಾಪಿನ ಬೆಂಚಿನ ಮೇಲೆ ಕೂತಿದ್ದ ಐದು ಜನರ ತಲೆ ಒಟ್ಟಿಗೆ ಇತ್ತ ತಿರುಗಿತು. ಕೆನ್ನೆಗೆ ಬಟ್ಟೆ ಕಟ್ಟಿಕೊಂಡಿದ್ದ ತಮಿಳಿನ ಅಜ್ಜಿಯೊಬ್ಬಳು ತನ್ನ ನೋವನ್ನೂ ಮರೆತು, "ಐಯೋ... ಚಿನ್ನ ಪೊಣ್ಣು! ಇಷ್ಟು ಚಿಕ್ಕ ಹುಡುಗಿಗೆ ಸೆಟ್ ಹಲ್ಲಾ?" ಎಂದುಬಿಟ್ಟಳು.

ವೇದವತಿಯ ಮುಖಕ್ಕೆ ರಕ್ತ ನುಗ್ಗಿತು.

ಆರು ವರ್ಷ! ಆರು ವರ್ಷ ಈ ಹೊಸೂರಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗದಂತೆ ಕಾಪಾಡಿಕೊಂಡು ಬಂದ ಗುಟ್ಟು. ಅದನ್ನು ಈ ಮನುಷ್ಯ ಒಂದೇ ಮಾತಿನಲ್ಲಿ ಬೀದಿಗೆ ಚೆಲ್ಲಿಬಿಟ್ಟನಲ್ಲ!

"ಮೆಲ್ಲಗೆ ಮಾತಾಡೋಕೆ ಬರಲ್ವೇನ್ರಿ ನಿಮಗೆ?" ಹಲ್ಲು ಕಚ್ಚಿ ಕೇಳಿದಳು. ಕಚ್ಚಿದ ಕೂಡಲೇ ಅಂಗುಳಕ್ಕೆ ಕೆಂಡ ಇಟ್ಟಂತಾಯಿತು. ಕಣ್ಣಲ್ಲಿ ನೀರು ಬಂತು.

"ಅಯ್ಯೋ ಮೇಡಂ, ನಮ್ಮಪ್ಪಂಗೆ ಕಿವಿ ಕೇಳ್ಸಲ್ಲ. ಮನೇಲಿ ಕೂಗಿ ಕೂಗಿ ನಂಗಿದೇ ಅಭ್ಯಾಸ ಆಗೋಗದೆ..."

"ನಿಮ್ಮಪ್ಪನ ಕಥೆ ನಾನು ಕೇಳಿದ್ನಾ? ಡಾಕ್ಟರು ಎಲ್ಲಿ?"

"ಡಾಕ್ಟ್ರು ಶನಿವಾರ ಬತ್ತಾರೆ. ನಾನು ಅಂಜನಪ್ಪ ಅಂತ, ಹಲ್ಲು ಸೆಟ್ ಮಾಡೋ ಮೆಕ್ಯಾನಿಕ್."

"ಮೆಕ್ಯಾನಿಕ್ಕು ಮೆಕ್ಯಾನಿಕ್ ಥರಾ ಇರಿ!"

ಸೆರಗಿನಿಂದ ಬಾಯಿ ಮುಚ್ಚಿಕೊಂಡು ದಡದಡನೆ ಮೆಟ್ಟಿಲಿಳಿದಳು.

*

೧೯೮೧ರ ಮಾತು ಇದು. ಹೊಸೂರಿನ ಸುತ್ತ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ.

ವೇದವತಿ ಮತ್ತಿಗಿರಿಯ ಶಾಲೆಯೊಂದರಲ್ಲಿ ಕನ್ನಡ ಟೀಚರ್. ವಯಸ್ಸು ಇಪ್ಪತ್ತಾರು. ಇಪ್ಪತ್ತು ತುಂಬಿದ ವರ್ಷ, ಅವಳು ಕೂತಿದ್ದ ಬಸ್ಸು ಗಕ್ಕನೆ ನಿಂತು, ಮುಂದಿನ ಸೀಟಿನ ಕಬ್ಬಿಣದ ಕಂಬಿ ಬಾಯಿಗೆ ಬಡಿದಿತ್ತು. ನಾಲ್ಕು ಹಲ್ಲು ಅಲ್ಲೇ ಉದುರಿದವು. ಅಲುಗಾಡಿದ ಮಿಕ್ಕವನ್ನು ಡಾಕ್ಟರು ಕಿತ್ತರು. ಮೇಲಿನ ಸಾಲು ಪೂರ್ತಿ ಖಾಲಿ. ಆಮೇಲೆ ಬಂದದ್ದು ಈ ಗುಲಾಬಿ ಬಣ್ಣದ ಪ್ಲಾಸ್ಟಿಕ್ ತಟ್ಟೆ, ಅದರ ತುದಿಗೆ ಹದಿನಾಲ್ಕು ಹಲ್ಲು.

"ಯಾರ ಹತ್ರಾನೂ ಬಾಯಿ ಬಿಡಬೇಡ," ಎಂದಿದ್ದರು ಅಪ್ಪ ಲಕ್ಷ್ಮೀಪತಿ. ತಾಲ್ಲೂಕು ಕಚೇರಿಯ ಹೆಡ್ ಕ್ಲರ್ಕ್ ಅವರು. ಮನೆಯಲ್ಲೂ ಅವರು ಹೇಳಿದ್ದೇ ಆರ್ಡರ್.

ಈಗ ಕೃಷ್ಣಗಿರಿಯಲ್ಲಿ ಒಂದು ಸಂಬಂಧ ಕುದುರಿತ್ತು. ಹುಡುಗ ಸುಬ್ಬರಾಮ, ಪೋಸ್ಟಾಫೀಸಿನಲ್ಲಿ ಕೆಲಸ. ಎರಡು ತಿಂಗಳಿಗೆ ಮದುವೆ.

"ಅವರಿಗೆ ಹೇಳಿಬಿಡೋಣ ಅಪ್ಪ," ಎಂದು ವೇದವತಿ ಎಷ್ಟೋ ಸಲ ಬೇಡಿದ್ದಳು.

"ಹೇಳಿದ್ರೆ ಯಾರು ಮಾಡ್ಕೋತಾರೆ? ಗಂಡನ ಎದುರಿಗೆ ಅದನ್ನ ಯಾವತ್ತೂ ತೆಗೀಬಾರದು. ರಾತ್ರಿನೂ ಹಾಕ್ಕೊಂಡೇ ಮಲಗು. ಈಗಿಂದಲೇ ಅಭ್ಯಾಸ ಆಗ್ಲಿ!"

ಹಾಗೆ ಮಲಗಿ ಮೂರು ತಿಂಗಳಾಗಿತ್ತು. ಅಂಗುಳವೆಲ್ಲ ಕೆಂಪಡರಿ, ಒಂದು ತುತ್ತು ಸಾರನ್ನ ನುಂಗಿದರೂ ಜೀವ ಹೋಗುವಷ್ಟು ಉರಿ. ಆ ಉರಿ ಬಾಯಲ್ಲಷ್ಟೇ ಇರಲಿಲ್ಲ. ಅಪ್ಪನ ಮೇಲೆ, ಬಸ್ಸಿನ ಮೇಲೆ, ಇನ್ನೂ ಸರಿಯಾಗಿ ಮುಖ ನೋಡದ ಸುಬ್ಬರಾಮನ ಮೇಲೆ... ಎಲ್ಲರ ಮೇಲೂ ಉರಿ.

ಈಗ ಆ ಪಟ್ಟಿಗೆ ಅಂಜನಪ್ಪ ಎಂಬ ಹೆಸರೂ ಸೇರಿತು.

*

ಶನಿವಾರ ಡಾಕ್ಟರ್ ರಾಮಸ್ವಾಮಿ ಬಾಗಿಲು ಹಾಕಿಸಿ ನೋಡಿದರು. ಅಂಜನಪ್ಪ ಹೇಳಿಸಿಕೊಳ್ಳದೆಯೇ ಆಚೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತಿದ್ದ.

"ಇದು ಬೂಷ್ಟು ಕಣಮ್ಮ," ಎಂದರು ಡಾಕ್ಟರು. "ಹಗಲೂ ರಾತ್ರಿ ಸೆಟ್ ಬಾಯಲ್ಲೇ ಇದ್ರೆ ಅದರಡಿ ಬೆಳೆಯುತ್ತೆ. ಔಷಧಿ ಕೊಡ್ತೀನಿ. ಆದ್ರೆ ಸೆಟ್ಟಿಗೇ ಬೂಷ್ಟು ಅಂಟಿಕೊಂಡಿದೆ, ಮತ್ತೆ ಮತ್ತೆ ಬರುತ್ತೆ."

ಅವರು ಹತ್ತಿಕಡ್ಡಿಯಿಂದ ಸೆಟ್ಟಿನ ಒಳಮೈ ಒರೆಸಿ ಒಂದು ಗಾಜಿನ ನಳಿಕೆಯೊಳಗೆ ಇಟ್ಟರು. ಯಾಕೆ ಎಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹತ್ತು ದಿನಕ್ಕೆ ಉತ್ತರ ಸಿಕ್ಕಿತು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಅಂಜನಪ್ಪ ಸೈಕಲ್ ಹಿಡಿದು ನಿಂತಿದ್ದ. ಈ ಸಲ ದನಿ ಪಿಸುಪಿಸು.

"ಮೇಡಂ, ನಿಮ್ಮ ಬೂಷ್ಟು ಚೆನ್ನಾಗಿ ಬೆಳೆದದೆ!"

"ಏನಂದ್ರಿ?"

"ಕೃಷ್ಣಗಿರಿ ಕಾಲೇಜ್ನಲ್ಲಿ ದೊಡ್ಡವೆಂಕಟಪ್ಪ ಮೇಷ್ಟ್ರು ಅಂತ ಅವ್ರೆ, ಗಿಡಮರದ ಪಾಠ ಮಾಡ್ತಾರೆ. ನಾವಿಬ್ರೂ ಸೇರಿ ಎಲೆ, ತೊಗಟೆ ರಸ ಇಳಿಸಿ, ಯಾವುದ್ರಿಂದ ಈ ಬೂಷ್ಟು ಸಾಯ್ತದೆ ಅಂತ ನೋಡ್ತಾ ಇದ್ದೀವಿ. ಒಂದ್ಸಲ ಬಂದು ನೋಡಿ. ಅಮ್ಮಾವ್ರನ್ನೂ ಕರ್ಕೊಂಬನ್ನಿ."

"ನನ್ನ ಬಾಯಲ್ಲಿದ್ದದ್ದನ್ನ ನನ್ನ ಕೇಳದೆ ಕಂಡೋರಿಗೆ ತೋರಿಸಿದ್ರಾ?"

ಅವನ ಮುಖ ಕಂದಿತು. "ಡಾಕ್ಟ್ರು ನಿಮಗೆ ಹೇಳವ್ರೆ ಅಂದ್ಕೊಂಡಿದ್ದೆ..."

ಬೈದು ಕಳಿಸಿದಳು. ಆದರೆ ಆ ವಾರ ಅಮ್ಮ ಶಾಂತಾಬಾಯಿಯನ್ನು ಕರೆದುಕೊಂಡು ಕೃಷ್ಣಗಿರಿಯ ಬಸ್ಸು ಹತ್ತಿದ್ದೂ ಅವಳೇ. ಉರಿ ಅಷ್ಟಿತ್ತು.

ಲ್ಯಾಬಿನ ಮೇಜಿನ ಮೇಲೆ ಮುಚ್ಚಳವಿದ್ದ ಚಪ್ಪಟೆ ಗಾಜಿನ ತಟ್ಟೆ. ಒಳಗೆ ಗಂಜಿಯ ಕೆನೆಯಂತೆ ಬೆಳ್ಳಗೆ ಹರಡಿಕೊಂಡ ಬೂಷ್ಟು. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ದುಂಡಗಿನ ಅಕ್ಷರ: ವೇದವತಿ.

"ನನ್ನ ಹೆಸರು!" ಅವಳು ಬೆಂಕಿಯಾದಳು. "ಇಡೀ ಕಾಲೇಜು ಓದ್ಲಿ ಅಂತ ಬರೆದಿಟ್ಟಿದ್ದೀರಾ?"

ಅಂಜನಪ್ಪ ಒಂದು ಮಾತೂ ಆಡದೆ ಚೀಟಿ ಕಿತ್ತು, ನಾಲ್ಕಾಗಿ ಹರಿದು, ಜೇಬಿಗೆ ಹಾಕಿಕೊಂಡ. "ತಪ್ಪಾಯ್ತು ಮೇಡಂ. ಇನ್ಮೇಲೆ ನಂಬರ್ ಹಾಕ್ತೀನಿ."

ಆಮೇಲೆ ಮೆಲ್ಲಗೆ, "ಈಗ ಇಲ್ನೋಡಿ," ಎಂದ.

ಬಿಳಿ ಬೂಷ್ಟಿನ ಮೇಲೆ ಐದು ಪುಟ್ಟ ಕಾಗದದ ಬೊಟ್ಟುಗಳು. ಒಂದೊಂದನ್ನೂ ಒಂದೊಂದು ರಸದಲ್ಲಿ ಅದ್ದಿಟ್ಟಿದ್ದರು. ಅರಿಶಿನ, ಬೇವು ಇದ್ದಲ್ಲಿ ಬೂಷ್ಟು ಬೊಟ್ಟಿನ ಅಂಚಿನವರೆಗೂ ಬೆಳೆದಿತ್ತು. ಲವಂಗ, ದಾಳಿಂಬೆ ಸಿಪ್ಪೆ, ಸೀಬೆ ಎಲೆ... ಈ ಮೂರರ ಸುತ್ತ ಮಾತ್ರ ಕನ್ನಡಿಯಂತೆ ತಿಳಿಯಾದ ಉಂಗುರ. ಅಲ್ಲಿ ಒಂದು ಚುಕ್ಕೆಯೂ ಇಲ್ಲ.

"ಲವಂಗ ಬಾಯಿ ಸುಡ್ತದೆ. ದಾಳಿಂಬೆ ಸಿಪ್ಪೆ ಸೆಟ್ಟಿಗೆ ಕಲೆ ಹಿಡಿಸ್ತದೆ, ಮೂರು ಸೆಟ್ ಕೆಡಿಸಿ ಬೈಸ್ಕೊಂಡೆ. ಉಳಿದದ್ದು ಸೀಬೆ. ನಮ್ಮವ್ವ ಬಾಯಿ ಹುಣ್ಣಿಗೆ ಸೀಬೆ ಚಿಗುರು ಅಗಿಯೋಕೆ ಕೊಡ್ತಾಳೆ. ಅದೇ ನೆನಪಾಗಿ ಶುರು ಮಾಡಿದ್ದು. ಈ ಬಾಟ್ಲಿಲಿರೋ ಸೀಬೆ ನೀರಲ್ಲಿ ರಾತ್ರಿಯೆಲ್ಲ ಸೆಟ್ ನೆನೆಹಾಕಿ. ಡಾಕ್ಟ್ರೂ ಒಪ್ಪವ್ರೆ."

ರಾತ್ರಿಯೆಲ್ಲ. ಅಂದರೆ... ತೆಗೆದಿಡಬೇಕು.

ವೇದವತಿ ಬಾಟಲಿ ತೆಗೆದುಕೊಂಡು ಸರಸರನೆ ಹೊರಗೆ ನಡೆದಳು. ಹಿಂದೆ ಉಳಿದ ಶಾಂತಾಬಾಯಿ ಅಂಜನಪ್ಪನನ್ನು ಏನೋ ಕೇಳುತ್ತಿದ್ದದ್ದು ಅವಳಿಗೆ ಕೇಳಿಸಲಿಲ್ಲ.

*

ಕೋಣೆಯ ಬಾಗಿಲು ಹಾಕಿಕೊಂಡು, ಅಪ್ಪನಿಗೆ ತಿಳಿಯದಂತೆ, ಎರಡು ವಾರ ಹಾಗೇ ಮಾಡಿದಳು. ಡಾಕ್ಟರ ಔಷಧಿಯೂ ಜೊತೆಗಿತ್ತು. ಹದಿನೈದನೆಯ ದಿನ ಬಿಸಿ ಸಾರನ್ನ ಉಂಡಳು. ಉರಿಯಲಿಲ್ಲ! ತಟ್ಟೆಯ ಮುಂದೆ ಕೂತು ಸುಮ್ಮನೆ ಅತ್ತುಬಿಟ್ಟಳು.

ಡಾಕ್ಟರು ಹೊಸ ಸೆಟ್ಟಿಗೆ ಅಚ್ಚು ತೆಗೆದರು. ಹಳೆಯದರ ಒಳಮೈ ತರಿತರಿಯಾಗಿ, ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತಿತ್ತು. ಅಂಜನಪ್ಪ ಹೊಸದನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ. ಹಾಕಿಕೊಂಡ ಮೇಲೆ ಎದುರಿಗೆ ಕೂತು, "ತ, ಥ, ದ, ಧ, ನ ಅನ್ನಿ," ಎಂದ.

"ಟೀಚರಿಗೇ ಪಾಠಾನಾ?"

"ಹಳೇ ಸೆಟ್ನಲ್ಲಿ ಹಲ್ಲು ಹಿಂದಕ್ಕೆ ಕೂತಿದ್ವು. 'ದ' ಅನ್ನೋವಾಗ ನಿಮ್ಮ ನಾಲಿಗೆ ಎಡವ್ತಿತ್ತು. ಅದಕ್ಕೇ ನೀವು 'ದ' ಬಂದಾಗೆಲ್ಲ ಸ್ವಲ್ಪ ತಡೆದು ಮಾತಾಡ್ತಿದ್ರಿ."

ವೇದವತಿ ದಂಗಾದಳು. ಆರು ವರ್ಷದಲ್ಲಿ ಅಪ್ಪನಾಗಲಿ, ಅಮ್ಮನಾಗಲಿ, ಶಾಲೆಯವರಾಗಲಿ ಗಮನಿಸದ ಮಾತು. ದಿನಾ ಮಕ್ಕಳಿಗೆ ಹಲ್ಲಿನ ಅಕ್ಷರ ಕಲಿಸುವಾಗ ತಾನೊಬ್ಬಳೇ ನುಂಗಿಕೊಳ್ಳುತ್ತಿದ್ದ ಅವಮಾನ...

'ಇವನ್ಯಾಕೆ ನನ್ನನ್ನ ಇಷ್ಟು ಗಮನವಿಟ್ಟು ಕೇಳಬೇಕು?' ಎಂದು ಅವನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನ ಒಳಗೆ ಬೇರೇನೋ ಇತ್ತು. ಅದಕ್ಕೆ ಹೆಸರಿಡಲು ಹೆದರಿ ಎದ್ದು ಬಂದಳು.

*

ಮದುವೆಗೆ ಇನ್ನು ಹದಿನೆಂಟು ದಿನವಿತ್ತು. ಕೃಷ್ಣಗಿರಿಯಿಂದ ಹುಡುಗನ ತಾಯಿ ಭಾಗೀರಥಮ್ಮನ ಕಾಗದ ಬಂತು.

"ಹುಡುಗಿಗೆ ಕಟ್ಟಿಸಿದ ಹಲ್ಲು ಎಂಬ ವಿಷಯ ಮುಚ್ಚಿಟ್ಟಿದ್ದೀರಿ. ಈ ಸಂಬಂಧ ನಮಗೆ ಬೇಡ."

ಲಕ್ಷ್ಮೀಪತಿ ಮನೆಯ ಸೂರು ಹಾರಿಹೋಗುವಂತೆ ಕೂಗಾಡಿದರು. "ಆ ಮೆಕ್ಯಾನಿಕ್ಕೇ ಊದಿರೋದು! ಕೃಷ್ಣಗಿರಿಗೆ ತಿರುಗಾಡೋನು ಇನ್ಯಾರು?"

ಶಾಂತಾಬಾಯಿ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ.

ವೇದವತಿ ಚಪ್ಪಲಿ ಮೆಟ್ಟಿ ಹೊರಟಳು. ಶಾಪಿನಲ್ಲಿ ಡಾಕ್ಟರೂ ಇದ್ದರು, ಬೆಂಚು ತುಂಬ ಜನ. ಅವಳಿಗೆ ಯಾರೂ ಕಾಣಲಿಲ್ಲ.

"ಕೃಷ್ಣಗಿರಿಯವರಿಗೆ ಹೇಳಿದ್ದು ನೀವೇನಾ?"

ಅಂಜನಪ್ಪನ ಕೈಲಿದ್ದ ಮೇಣದ ಅಚ್ಚು ಅಲ್ಲೇ ನಿಂತಿತು. ಅವಳ ಮುಖ ನೋಡಿದ.

"ನನ್ನಿಂದಾನೇ ಆಯ್ತು ಅಂತ ತಿಳ್ಕೊಳ್ಳಿ ಮೇಡಂ."

"ಹಳ್ಳಿ ಗಮಾರ!" ಅವಳ ದನಿ ಬಜಾರಿನವರೆಗೂ ಹೋಯಿತು. "ನಂಬಿ ನಿಮ್ಮೆದುರಿಗೆ ಬಾಯಿ ತೆಗೆದೆನಲ್ಲ, ನನಗೆ ಬುದ್ಧಿ ಇರಲಿಲ್ಲ! ಇನ್ನೊಬ್ಬರ ಮಾನ ಅಂದ್ರೆ ನಿಮಗೆ ತಟ್ಟೆಯಲ್ಲಿ ಬೆಳೆಸೋ ಬೂಷ್ಟು!"

ಬಂದವರ ಗುಟ್ಟು ಹೊರಗೆ ಹಾಕುವವನು ನನಗೆ ಬೇಡ ಎಂದು ಡಾಕ್ಟರು ಅಂದೇ ಅವನನ್ನು ಕೆಲಸದಿಂದ ಬಿಡಿಸಿದರು. ಸೈಕಲ್ಲಿಗೆ ಟ್ರಂಕು ಕಟ್ಟಿಕೊಂಡು ತನ್ನೂರು ಉದ್ದನಪಲ್ಲಿಗೆ ಹೋದನಂತೆ ಎಂದು ಆಮೇಲೆ ತಿಳಿಯಿತು.

ಮಾತು ಊರೆಲ್ಲ ಹಬ್ಬಿತು. ಸ್ಟಾಫ್ ರೂಮಿನಲ್ಲಿ ಮುನಿರತ್ನಮ್ಮ ಟೀಚರ್ ವೇದವತಿಯ ಬಾಯನ್ನೇ ನೋಡುತ್ತ ಕಾಫಿ ಕುಡಿಯತೊಡಗಿದರು. ಮೂರು ದಿನ ಸಹಿಸಿಕೊಂಡಳು. ನಾಲ್ಕನೆಯ ದಿನ ಲೋಟ ಕುಕ್ಕಿ ಎದ್ದು ನಿಂತಳು.

"ಹೌದು! ಮೇಲಿನ ಹಲ್ಲು ಅಷ್ಟೂ ಕಟ್ಟಿಸಿದ್ದು. ಬಸ್ಸಿನಲ್ಲಿ ಹೋಯ್ತು. ಇನ್ನೇನು ತಿಳ್ಕೋಬೇಕು, ಕೇಳಿ!"

ಯಾರೂ ಏನೂ ಕೇಳಲಿಲ್ಲ. ಮುನಿರತ್ನಮ್ಮ ತಲೆ ತಗ್ಗಿಸಿ, "ನಮ್ಮತ್ತೆಗೂ ಸೆಟ್ಟೇ... ಬಾಯುರಿ ಅಂತ ಅಳ್ತಾರೆ. ಏನು ಮಾಡ್ಬೇಕು ಹೇಳ್ತೀರಾ?" ಎಂದರು.

ಇಷ್ಟೇನಾ? ಆರು ವರ್ಷ ಹೆದರಿದ್ದು ಇಷ್ಟಕ್ಕೇನಾ? ಹಗುರಾಗುವ ಬದಲು ಅವಳಿಗೆ ಇನ್ನೂ ಕೋಪ ಬಂತು. ವ್ಯರ್ಥವಾಗಿ ಹೋದ ವರ್ಷಗಳ ಮೇಲಿನ ಕೋಪ.

*

ಅಂಜನಪ್ಪ ಕೊಟ್ಟ ಬಾಟಲಿಯನ್ನು ಅವಳು ಜಗಳವಾಡಿ ಬಂದ ದಿನವೇ ಬಚ್ಚಲಿಗೆ ಸುರಿದಿದ್ದಳು. ಹಟಕ್ಕೆ ಮತ್ತೆ ಸೆಟ್ ಹಾಕಿಕೊಂಡೇ ಮಲಗತೊಡಗಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಅಂಗುಳ ಮತ್ತೆ ಕೆಂಪಾಯಿತು.

ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಬಾಯಿಗಿಟ್ಟು ಅವಳು ನರಳಿದ್ದು ಕಂಡು ಶಾಂತಾಬಾಯಿ ಸೌಟು ಕೆಳಗಿಟ್ಟರು.

"ನಾನೇ ಕಣೆ ಹೇಳಿದ್ದು!"

"ಏನು ಹೇಳಿದ್ದು?"

"ಭಾಗೀರಥಮ್ಮನಿಗೆ. ನಾನೇ ಹೋಗಿ ಹೇಳಿ ಬಂದೆ."

ವೇದವತಿ ಉಪ್ಪಿಟ್ಟಿನ ತಟ್ಟೆ ದೂರ ತಳ್ಳಿದಳು.

ಶಾಂತಾಬಾಯಿ ಅಲ್ಲೇ ನೆಲದ ಮೇಲೆ ಕೂತರು. "ಆವತ್ತು ಕಾಲೇಜಿನ ಲ್ಯಾಬಲ್ಲಿ ಆ ಹುಡುಗನನ್ನ ಕೇಳ್ದೆ, ರಾತ್ರಿನೂ ಹಾಕ್ಕೊಂಡೇ ಇದ್ರೆ ವಾಸಿ ಆಗುತ್ತಾ ಅಂತ. ಆಗಲ್ಲಮ್ಮ, ಜೀವನ ಪೂರ್ತಿ ರಾತ್ರಿ ತೆಗೀಲೇಬೇಕು ಅಂದ. ನಂಗೆ ನಿದ್ದೆ ಹೋಯ್ತು. ಗಂಡನಿಗೆ ಹೆದರಿ ನೀನು ನಲವತ್ತು ವರ್ಷ ಆ ಉರಿ ಬಾಯಲ್ಲಿಟ್ಕೊಂಡು ಮಲಗ್ಬೇಕಾ? ಗೊತ್ತಿದ್ದೂ ಒಪ್ಪೋರಾದ್ರೆ ಒಪ್ಲಿ ಅಂತ ಹೋಗಿ ಹೇಳ್ದೆ. ಅವರು ಒಪ್ಪಲಿಲ್ಲ."

"ಮತ್ತೆ ಅವರು... ಅಂಜನಪ್ಪ?"

"ಭಾಗೀರಥಮ್ಮನ ಮನೆಯಿಂದ ಬರ್ತಾ ಅವನನ್ನ ಕಂಡು, ನಾನೇ ಕೈ ಮುಗಿದು ಕೇಳ್ಕೊಂಡಿದ್ದೆ, ನಮ್ಮನೆಯವರಿಗೆ ಗೊತ್ತಾದ್ರೆ ನನ್ನನ್ನ ಮನೇಲಿ ಇಟ್ಕೊಳ್ಳಲ್ಲಪ್ಪ ಅಂತ. ಅವನು ಮಾತು ಕೊಟ್ಟ. ಕೆಲಸ ಹೋದ್ರೂ ಬಾಯಿ ಬಿಡಲಿಲ್ಲ."

"ಒಂದು ತಿಂಗಳು ಸುಮ್ಮನಿದ್ದೆಯಲ್ಲಮ್ಮ! ನಾನು ಎಲ್ಲರ ಮುಂದೆ ಅವರನ್ನ ಏನೇನಂದೆ ಗೊತ್ತಾ ನಿನಗೆ?"

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆ ಹೊತ್ತಿನಲ್ಲಿ ಅವರನ್ನು ತಬ್ಬಿಕೊಳ್ಳುವಷ್ಟು ದೊಡ್ಡ ಮನಸ್ಸು ವೇದವತಿಗೆ ಬರಲಿಲ್ಲ. ನಡುಮನೆಗೆ ಹೋಗಿ ಪೇಪರು ಓದುತ್ತಿದ್ದ ಅಪ್ಪನ ಮುಂದೆ ನಿಂತಳು.

"ಅಪ್ಪ, ಇನ್ಮೇಲೆ ನನ್ನ ಹಲ್ಲಿನ ವಿಷಯ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನೋದು ನನ್ನ ಇಷ್ಟ. ಈಗ ಉದ್ದನಪಲ್ಲಿಗೆ ಹೋಗ್ತಿದ್ದೀನಿ. ನೀವು ತಡೀಬಾರದು, ಅಮ್ಮನ್ನ ಏನೂ ಅನ್ನಬಾರದು!"

ಲಕ್ಷ್ಮೀಪತಿ ಬಾಯಿ ತೆರೆಯುವಷ್ಟರಲ್ಲಿ ಅವಳು ಬೀದಿ ದಾಟಿದ್ದಳು.

*

ಉದ್ದನಪಲ್ಲಿಯಲ್ಲಿ ಬಸ್ಸಿಳಿದು ಕೇಳಿದ ಮೊದಲನೆಯವರೇ ಮನೆ ತೋರಿಸಿದರು. ಅಂಗಳದಲ್ಲಿ ರಾಗಿ ಹರವುತ್ತಿದ್ದ ಹೆಂಗಸು ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದಳು. ಅಂಜನಪ್ಪನ ತಾಯಿ ಕನಕಮ್ಮ.

"ಯಾರವ್ವ ನೀನು? ಓ... ಬೈದೋರಾ?"

"ಹೌದಮ್ಮ. ಬೈದವಳೇ."

"ಬಾ. ಅವ್ನು ಹಿತ್ಲಲ್ಲಿ ಅವ್ನೆ. ಲೋ ಅಂಜ್ನಾ! ಯಾರ್ ಬಂದವ್ರೆ ನೋಡ್ಲಾ! ನಾನು ಇತ್ಲಾಗೆ ಇರ್ತೀನಿ, ನೀವು ಮಾತಾಡ್ಕೊಳ್ಳಿ ಹೋಗವ್ವ."

ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು. ಸೀಬೆ ಎಲೆಯ ಒಗರು ವಾಸನೆ. ಅಂಜನಪ್ಪ ಎದ್ದು ನಿಂತ. ಸೊರಗಿದ್ದ.

"ಯಾಕೆ ಸುಮ್ಮನಿದ್ರಿ?" ನಮಸ್ಕಾರವಿಲ್ಲ, ಏನಿಲ್ಲ. "ಅಮ್ಮ ಎಲ್ಲಾ ಹೇಳಿದ್ಲು."

"ಅಮ್ಮಾವ್ರಿಗೆ ಮಾತು ಕೊಟ್ಟಿದ್ದೆ."

"ಅಮ್ಮನಿಗೆ ಮಾತು! ನನಗೆ? ಗುಟ್ಟಾಗಿಡು ಅಂತ ಅಪ್ಪ ತೀರ್ಮಾನ ಮಾಡಿದ್ರು. ಹೇಳೋದು ಅಂತ ಅಮ್ಮ ಮಾಡಿದ್ಲು. ಸುಮ್ಮನಿರೋದು ಅಂತ ನೀವು ಮಾಡಿದ್ರಿ. ಬಾಯಿ ನನ್ನದು ಕಣ್ರೀ! ಒಬ್ಬರಾದ್ರೂ ನನ್ನನ್ನ ಒಂದು ಮಾತು ಕೇಳಿದ್ರಾ?"

ಅಂಜನಪ್ಪ ತಲೆ ತಗ್ಗಿಸಿದ. "ಇಲ್ಲ. ಅದು ತಪ್ಪೇ."

ಆಮೇಲೆ ತಲೆ ಎತ್ತಿದ. ಅವನ ಕಣ್ಣೂ ಕೆಂಪಾಗಿತ್ತು.

"ಆದ್ರೆ ನಂಗೂ ಕೋಪ ಅದೆ ಮೇಡಂ. ಕೆಲಸ ಹೋಗಿದ್ದಕ್ಕಲ್ಲ. ಹಳ್ಳಿ ಗಮಾರ ಅಂದ್ರಿ. ಅಷ್ಟು ದಿನ ನನ್ನ ಕೆಲಸ ನೋಡಿ, ನನ್ನ ಜೊತೆ ಕೂತು ಮಾತಾಡಿ, ಕೊನೆಗೆ ನಾನು ನಿಮಗೆ ಅಷ್ಟೇನಾ ಅನ್ನಿಸ್ತು. ಅದು ಇನ್ನೂ ಹೊಟ್ಟೇಲಿ ಉರೀತದೆ."

ವೇದವತಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಅವಳ ಕೋಪದ ಪರವಾಗಿದ್ದವು. ಅವನ ಕೋಪಕ್ಕೆ ಅವಳ ಬಳಿ ಏನೂ ಇರಲಿಲ್ಲ.

ಡಾಕ್ಟರೊಬ್ಬರನ್ನು ಬಿಟ್ಟು, ಆರು ವರ್ಷದಿಂದ ಅಪ್ಪ, ಅಮ್ಮ, ಯಾರೊಬ್ಬರೂ ನೋಡದ, ಸೆಟ್ಟಿಲ್ಲದ ಮುಖವೊಂದೇ ಇತ್ತು.

ಅವನ ಕಡೆಗೇ ತಿರುಗಿ, ಕಣ್ಣು ತಗ್ಗಿಸದೆ, ಸೆಟ್ ತೆಗೆದು ಅಂಗೈಯಲ್ಲಿ ಹಿಡಿದಳು. ಮೇಲ್ದುಟಿ ಒಳಕ್ಕೆ ಕುಸಿಯಿತು. ಇಪ್ಪತ್ತಾರರ ಮುಖಕ್ಕೆ ಅರವತ್ತರ ಬಾಯಿ.

"ತಪ್ಪಾಯ್ತು," ಎಂದಳು. ಅಕ್ಷರಗಳು ಗಾಳಿಯಾಗಿ ಸೋರಿದವು. ಆದರೂ ಪೂರ್ತಿ ಹೇಳಿದಳು. "ಆ ಮಾತು ನಾನು ಆಡಬಾರದಾಗಿತ್ತು. ನೀವು ಹಾಗಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಆಡಿದೆ."

ಅವನು ಅವಳ ಮುಖವನ್ನು ನೋಡಿದ. ಕನಿಕರದಿಂದ ಅಲ್ಲ. ಒಂದು ಹೆಜ್ಜೆ ಮುಂದೆ ಬಂದ. ಹುಬ್ಬು ಗಂಟಿಕ್ಕಿತು.

"ಇದೇನು, ಅಂಗುಳ ಮತ್ತೆ ಕೆಂಪಗಾಗಿದೆ! ಹಾಕ್ಕೊಂಡೇ ಮಲಗ್ತಿದ್ದೀರಾ? ನನ್ನ ಮೇಲಿನ ಸಿಟ್ಟಿಗೆ ನಿಮ್ಮ ಬಾಯಿ ಸುಟ್ಕೊಂಡ್ರಾ? ಬುದ್ಧಿ ಬ್ಯಾಡ್ವಾ ಒಂದಿಷ್ಟು?"

ಅವಳಿಗೆ ನಗು ಬಂತು. ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಳ್ಳಲು ಕೈಯೂ ಏಳಲಿಲ್ಲ. ಬೋಳು ಒಸಡು ಕಾಣುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅಂಜನಪ್ಪ ಮೊದಲು ತಬ್ಬಿಬ್ಬಾದ. ಆಮೇಲೆ ಅವನೂ ನಕ್ಕ.

ಮುಂದೆ ನಡೆದದ್ದು ಸುಲಭವಾಗಿರಲಿಲ್ಲ. ಜಾತಿಯ ಮಾತೆತ್ತಿ ಲಕ್ಷ್ಮೀಪತಿ ರಿಜಿಸ್ಟರ್ ಮದುವೆಗೆ ಬರಲಿಲ್ಲ. ಶಾಂತಾಬಾಯಿ ಒಬ್ಬರೇ ಬಂದು ಸಾಕ್ಷಿ ಸಹಿ ಹಾಕಿದರು. ವೇದವತಿಯೇ ಹೋಗಿ ನಡೆದದ್ದನ್ನು ಹೇಳಿದ ಮೇಲೆ ಡಾಕ್ಟರ್ ರಾಮಸ್ವಾಮಿ ಅಂಜನಪ್ಪನನ್ನು ಮತ್ತೆ ಕರೆಸಿಕೊಂಡರು. ಅಪ್ಪ ಮಗಳ ಮನೆಯ ಹೊಸ್ತಿಲು ತುಳಿಯಲು ಎರಡು ವರ್ಷ ಹಿಡಿಯಿತು. ಆದರೆ ಅವೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ಅವನು ಒಂದು ಬಟ್ಟಲಲ್ಲಿ ಆರಿದ ಸೀಬೆ ನೀರು ತುಂಬಿ ಅವಳ ಮುಂದಿಟ್ಟ. ಅವಳು ಸೆಟ್ಟನ್ನು ಅದರಲ್ಲಿ ಮುಳುಗಿಸಿ ಒಲೆಯ ಪಕ್ಕ ಕೂತಳು.

"ಒಂದು ಮಾತು ಕೇಳ್ಬೇಕು," ಎಂದ ಅಂಜನಪ್ಪ. "ಯಾರನ್ನ ಕೇಳೋದು ಅಂತ ಗೊತ್ತಾಗ್ತಿಲ್ಲ. ನಿಮ್ಮಪ್ಪಾಜಿನಾ? ಅಮ್ಮಾವ್ರನ್ನಾ?"

"ನನ್ನನ್ನ ಕೇಳಿ."

ಅವನು ಸುಮಾರು ಹೊತ್ತು ಸೌದೆ ಸರಿಮಾಡಿದ. ಕಿವಿ ಕೆಂಪೇರಿತ್ತು.

"ನನ್ನ ಮದ್ವೆ ಆಗ್ತೀರಾ?"

"ಆಗ್ತೀನಿ." ಆಮೇಲೆ ತಡೆದು ಹೇಳಿದಳು, "ಆದ್ರೆ ನನ್ನ ಕೋಪ ಇನ್ನೂ ಪೂರ್ತಿ ಹೋಗಿಲ್ಲ."

"ನಂದೂ ಹೋಗಿಲ್ಲ ವೇದಾ."

"ಮತ್ತೆ ಹೇಗೆ?"

"ಊಟ ಮಾಡ್ಕೊಂಡು ಕೂತು ಬೈದಾಡೋಣ. ಅವ್ವ ಮುದ್ದೆ ಮೆತ್ತಗೆ ಮಾಡವ್ಳೆ, ಅಗಿಯೋದೇನೂ ಬ್ಯಾಡ."